ಪ್ರಾಂತೀಯ ಪುನರ್ನಿರ್ಮಾಣ ತಂಡಗಳು

ಅಫ್ಘಾನಿಸ್ತಾನ ಮತ್ತು ಇರಾಕ್ ಯುದ್ಧಗಳ ಕಾಲದಲ್ಲಿ ಸೈನಿಕರೂ ನಾಗರಿಕ ಅಧಿಕಾರಿಗಳೂ ಒಂದೇ ಶಿಬಿರದಲ್ಲಿ ನೆಲೆಸಿ, ರಸ್ತೆ, ಶಾಲೆ, ಚಿಕಿತ್ಸಾಲಯಗಳನ್ನು ಕಟ್ಟಿಸುತ್ತ ಸ್ಥಳೀಯ ಆಡಳಿತಕ್ಕೆ ನೆರವಾದ ತಂಡಗಳು. ಪಿಆರ್‌ಟಿ ಎಂದೇ ಹೆಚ್ಚು ಪರಿಚಿತ.

ಸೇನೆ ಮತ್ತು ನಾಗರಿಕ ನೆರವನ್ನು ಒಂದೇ ಆಡಳಿತದಡಿ ತಂದ ಪ್ರಯೋಗ ಹೊಸದಲ್ಲ. ವಿಯೆಟ್ನಾಂನಲ್ಲಿ ಅಮೆರಿಕ 1967ರಲ್ಲಿ ರಾಬರ್ಟ್ ಕೋಮರ್ ನೇತೃತ್ವದಲ್ಲಿ 'ಕಾರ್ಡ್ಸ್' ಕಾರ್ಯಕ್ರಮದ ಮೂಲಕ ಇದನ್ನೇ ಮಾಡಿತ್ತು. ಅಫ್ಘಾನಿಸ್ತಾನದಲ್ಲಿ ಅಗತ್ಯ ಬೇರೆ ರೀತಿಯಲ್ಲಿ ಎದುರಾಯಿತು. 2001ರ ಕೊನೆಗೆ ತಾಲಿಬಾನ್ ಆಡಳಿತ ಉರುಳಿದಾಗ ಅಂತರರಾಷ್ಟ್ರೀಯ ಶಾಂತಿಪಡೆ ಕಾಬೂಲ್ ದಾಟಿರಲಿಲ್ಲ. ಪ್ರಾಂತ್ಯಗಳು ಸ್ಥಳೀಯ ಸೇನಾ ಮುಖಂಡರ ಕೈಯಲ್ಲಿದ್ದವು. ದೊಡ್ಡ ಪಡೆ ಕಳಿಸಲು ಯಾವ ದೇಶಕ್ಕೂ ಮನಸ್ಸಿರಲಿಲ್ಲ. ಸಣ್ಣ ತಂಡಗಳ ಉಪಾಯ ಹುಟ್ಟಿದ್ದು ಈ ಜಿಪುಣತನದಿಂದ ಎಂದರೆ ತಪ್ಪಾಗದು.

ಮೊದಲ ತಂಡ 2003ರ ಆರಂಭದಲ್ಲಿ ಪಕ್ತಿಯಾ ಪ್ರಾಂತ್ಯದ ಗರ್ದೇಜ್‌ನಲ್ಲಿ ನೆಲೆಯಾಯಿತು. ಅದೇ ವರ್ಷ ಬಾಮಿಯಾನ್, ಕುಂದೂಜ್, ಮಜಾರ್-ಎ-ಷರೀಫ್‌ಗಳಲ್ಲೂ ತಂಡಗಳು ತಲೆಯೆತ್ತಿದವು. ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1510ನೇ ನಿರ್ಣಯದ ಮೂಲಕ ಶಾಂತಿಪಡೆಗೆ ಕಾಬೂಲ್‌ನ ಆಚೆ ಹೋಗಲು ಅನುಮತಿಯಿತ್ತಿತು. ಮುಂದೆ ತಂಡಗಳ ಸಂಖ್ಯೆ 26ಕ್ಕೇರಿತು.

ಒಂದು ತಂಡದಂತೆ ಇನ್ನೊಂದಿರಲಿಲ್ಲ. ಮಜಾರ್‌ನಲ್ಲಿ ಬ್ರಿಟಿಷರು ಕಟ್ಟಡಗಳಿಗಿಂತ ಹೆಚ್ಚಾಗಿ, ಸ್ಥಳೀಯ ಸೇನಾ ಮುಖಂಡರಾದ ದೋಸ್ತುಮ್ ಮತ್ತು ಅತ್ತಾ ಅವರ ಬಣಗಳ ಜಗಳ ಬಿಡಿಸುವುದರಲ್ಲೇ ತೊಡಗಿದ್ದರು. ಜರ್ಮನ್ನರು ತಂಡಕ್ಕೆ ಇಬ್ಬರು ಮುಖ್ಯಸ್ಥರನ್ನಿಟ್ಟರು, ಒಬ್ಬ ಸೈನಿಕ, ಒಬ್ಬ ನಾಗರಿಕ. ಅಮೆರಿಕನ್ ತಂಡದಲ್ಲಿ 60ರಿಂದ 100 ಜನರಿದ್ದರೂ ನಾಗರಿಕರು ಬೆರಳೆಣಿಕೆಯಷ್ಟೇ. ವಾಹನ, ಕಾವಲು, ಖರ್ಚಿನ ಹಣ ಎಲ್ಲವೂ ಸೇನೆಯದೇ. ಕಮಾಂಡರುಗಳ ಕೈಯಲ್ಲಿದ್ದ ತುರ್ತು ನಿಧಿಯಿಂದ ಬಾವಿ, ಮೋರಿ, ಶಾಲಾ ಕಟ್ಟಡಗಳು ಬೇಗ ಎದ್ದವು. ಶಾಲೆಗೆ ಮೇಷ್ಟ್ರನ್ನು ಕಳಿಸಿ ಸಂಬಳ ಕೊಡಬೇಕಾದ ಕಾಬೂಲಿನ ಸಚಿವಾಲಯಕ್ಕೆ ಎಷ್ಟೋ ಸಲ ಆ ಕಟ್ಟಡದ ಸುದ್ದಿಯೇ ಇರುತ್ತಿರಲಿಲ್ಲ.

ಇದ್ದುದರಲ್ಲಿ ಹೆಚ್ಚು ಹೆಸರು ಗಳಿಸಿದ್ದು ಬಾಮಿಯಾನ್‌ನ ನ್ಯೂಜಿಲೆಂಡ್ ತಂಡ. ಅಲ್ಲಿ ತಾಲಿಬಾನ್‌ಗೆ ಜನಬೆಂಬಲ ಕಡಿಮೆ. ದೇಶದ ಮೊದಲ ಮಹಿಳಾ ಗವರ್ನರ್ ಹಬೀಬಾ ಸರಾಬಿ ಇದ್ದದ್ದೂ ಅಲ್ಲೇ. ಹಾಗಿದ್ದೂ 2012ರ ಆಗಸ್ಟ್ ಒಂದೇ ತಿಂಗಳಲ್ಲಿ ಐವರು ನ್ಯೂಜಿಲೆಂಡ್ ಯೋಧರು ಆ ಪ್ರಾಂತ್ಯದಲ್ಲಿ ಸತ್ತರು.

ಬಂದೂಕೂ ಬ್ರೆಡ್ಡೂ ಒಂದೇ ಕೈಯಿಂದ ಬಂದಾಗ ಏನಾಗುತ್ತದೆಂಬುದು 2004ರಲ್ಲಿ ಬಯಲಾಯಿತು. ದಕ್ಷಿಣ ಅಫ್ಘಾನಿಸ್ತಾನದಲ್ಲಿ ಮೈತ್ರಿಪಡೆ ಹಂಚಿದ ಕರಪತ್ರವೊಂದರಲ್ಲಿ ಗೋಧಿ ಚೀಲ ಹೊತ್ತ ಹುಡುಗಿಯ ಚಿತ್ರವಿತ್ತು. ನೆರವು ಮುಂದುವರಿಯಬೇಕಾದರೆ ತಾಲಿಬಾನ್ ಮತ್ತು ಅಲ್-ಖೈದಾ ಬಗ್ಗೆ ಮಾಹಿತಿ ಕೊಡಿ ಎಂದು ಬರೆದಿತ್ತು. ಇದನ್ನು ಖಂಡಿಸಿದ 'ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್' ಸಂಸ್ಥೆಯ ಐವರು ಜೂನ್‌ನಲ್ಲಿ ಬಾದ್ಘಿಸ್‌ನಲ್ಲಿ ಕೊಲೆಯಾದರು. 24 ವರ್ಷ ಅಲ್ಲಿ ದುಡಿದ ಸಂಸ್ಥೆ ದೇಶವನ್ನೇ ಬಿಟ್ಟಿತು. ಕುಂದೂಜ್‌ನಲ್ಲಿ 2009ರ ಸೆಪ್ಟೆಂಬರ್ 4ರಂದು, ತಾಲಿಬಾನ್ ಅಪಹರಿಸಿದ್ದ ಎರಡು ಇಂಧನ ಟ್ಯಾಂಕರ್‌ಗಳ ಮೇಲೆ ವಾಯುದಾಳಿಗೆ ಆದೇಶಿಸಿದ್ದು ಪುನರ್ನಿರ್ಮಾಣ ತಂಡದ ಜರ್ಮನ್ ಸೇನಾಧಿಕಾರಿಯೇ. ಎಣ್ಣೆ ತುಂಬಿಕೊಳ್ಳಲು ನೆರೆದಿದ್ದ ಹಳ್ಳಿಗರನೇಕರು ಸುಟ್ಟುಹೋದರು.

ಇರಾಕ್‌ನಲ್ಲಿ 2005ರ ನವೆಂಬರಿನಲ್ಲಿ ಇದೇ ಮಾದರಿ ಆರಂಭವಾಗಿ, 2007ರಲ್ಲಿ ಯುದ್ಧದಳಗಳ ಜೊತೆಗೇ ಸಾಗುವ ತಂಡಗಳೂ ಸೇರಿ, 2011ಕ್ಕೆ ಮುಗಿಯಿತು.

ಭಾರತ ಇಂಥ ತಂಡಗಳಿಂದ ದೂರವೇ ಉಳಿದು, ಅಫ್ಘನ್ ಸರ್ಕಾರದ ಮೂಲಕ ಕೆಲಸ ಮಾಡಿತು. ಗಡಿ ರಸ್ತೆ ಸಂಸ್ಥೆ ಕಟ್ಟಿದ 218 ಕಿ.ಮೀ. ಉದ್ದದ ಜರಂಜ್–ದೆಲಾರಾಮ್ ಹೆದ್ದಾರಿ 2009ರಲ್ಲಿ ಹಸ್ತಾಂತರವಾಯಿತು.

ತಂಡಗಳು ತಮ್ಮ ಸರ್ಕಾರಕ್ಕೆ ಸಮಾನಾಂತರ ಆಡಳಿತವಾಗಿವೆ ಎಂದು ಅಫ್ಘನ್ ಅಧ್ಯಕ್ಷ ಹಮೀದ್ ಕರ್ಜಾಯ್ 2011ರಲ್ಲಿ ಬಹಿರಂಗವಾಗಿಯೇ ದೂರಿದರು. 2014ರೊಳಗೆ ಅವು ಮುಚ್ಚಿದವು. ವಿದೇಶಿ ಸೈನಿಕರೂ ಅಧಿಕಾರಿಗಳೂ ಇರುವಷ್ಟು ದಿನವಷ್ಟೇ ಸ್ಥಿರತೆಯೂ ಉಳಿಯಿತೆಂದು ಅಮೆರಿಕದ ಸರ್ಕಾರಿ ಪರಿಶೋಧನಾ ಸಂಸ್ಥೆಯೇ 2018ರ ವರದಿಯಲ್ಲಿ ಹೇಳಿತು. ಜರ್ಮನ್ನರು 2013ರಲ್ಲಿ ಬಿಟ್ಟುಹೋದ ಕುಂದೂಜ್ ನಗರ 2015ರ ಸೆಪ್ಟೆಂಬರ್‌ನಲ್ಲಿ ಕೆಲಕಾಲ ತಾಲಿಬಾನ್ ವಶವಾಗಿತ್ತು.