ಪರದೇಶಿಯ ಆಸ್ಪತ್ರೆ ಬಿಲ್ಲು ಯಾರ ಲೆಕ್ಕಕ್ಕೆ?

ಷೆಂಗೆನ್ ವೀಸಾಕ್ಕೆ ಒಮ್ಮೆಯಾದರೂ ಅರ್ಜಿ ತುಂಬಿದವರಿಗೆ 30,000 ಯೂರೋ ಎಂಬ ಅಂಕಿ ಗೊತ್ತಿರುತ್ತದೆ. ಕನಿಷ್ಠ ಅಷ್ಟು ಮೊತ್ತದ ವೈದ್ಯಕೀಯ ವಿಮೆ ಇಲ್ಲದಿದ್ದರೆ ವೀಸಾ ಇಲ್ಲ. ಬ್ಯಾಂಕ್ ಸ್ಟೇಟ್‌ಮೆಂಟು, ಹೋಟೆಲ್ ಬುಕಿಂಗು, ಕಚೇರಿಯ ರಜೆಪತ್ರಗಳ ನಡುವೆ ಅದೂ ಒಂದು ಹಾಳೆ. ಪುಣೆಗೆ ಬಂದು ಹನ್ನೆರಡು ವರ್ಷವಾದ ನನಗೆ ಮನೆಯವರ, ಗೆಳೆಯರ ವೀಸಾ ಕಾಗದ ಜೋಡಿಸಿಕೊಡುವುದು ಒಂದು ಉಪಕಸುಬೇ ಆಗಿಬಿಟ್ಟಿದೆ. ಈ ಹಾಳೆ ಎಲ್ಲಿಂದ ಬಂತು, ಯಾರ ರಕ್ಷಣೆಗೆ ಬಂತು ಎಂದು ಹುಡುಕುತ್ತ ಹೋದವನು ಇನ್ನೂರು ವರ್ಷ ಹಿಂದಕ್ಕೆ ಹೋಗಿ ನಿಂತೆ.

ಕನ್ನಡದಲ್ಲಿ 'ಪರದೇಶಿ' ಎಂಬ ಮಾತಿಗೆ ಎರಡು ಅರ್ಥ. ಬೇರೆ ದೇಶದವನು ಎಂಬುದು ಒಂದು, ದಿಕ್ಕಿಲ್ಲದವನು ಎಂಬುದು ಇನ್ನೊಂದು. ಕಡ್ಡಾಯ ವಿಮೆಯ ಇತಿಹಾಸವೆಲ್ಲ ಈ ಎರಡು ಅರ್ಥಗಳ ನಡುವೆಯೇ ಇದೆ. ಬಂದ ಹೊರಗಿನವನು ನಾಳೆ ದಿಕ್ಕಿಲ್ಲದವನಾಗಿ ನಮ್ಮ ಆಸ್ಪತ್ರೆಯಲ್ಲಿ ಮಲಗಿದರೆ ಖರ್ಚು ಯಾರದು ಎಂಬುದೇ ಪ್ರತಿ ಬಂದರಿನ ಚಿಂತೆಯಾಗಿತ್ತು.

ಈ ಚಿಂತೆಯನ್ನು ಚೆನ್ನಾಗಿ ದಾಖಲಿಸಿರುವ ಊರು ನ್ಯೂಯಾರ್ಕ್. ಅಲ್ಲಿನ 1824ರ ಕಾನೂನಿನಂತೆ ಮೇಯರ್ ಹಡಗಿನ ಕಪ್ತಾನನಿಂದ ಪ್ರತಿ ವಿದೇಶಿ ಪ್ರಯಾಣಿಕನ ಲೆಕ್ಕಕ್ಕೆ 300 ಡಾಲರ್ ಮೀರದ ಮುಚ್ಚಳಿಕೆ ಬರೆಸಿಕೊಳ್ಳಬಹುದಿತ್ತು. ಬಂದವನು ಎರಡು ವರ್ಷದೊಳಗೆ ಊರಿನ ಖರ್ಚಿಗೆ ಬಿದ್ದರೆ ಆ ಹಣ ಹಡಗಿನವರೇ ಕೊಡಬೇಕು. ಇದಲ್ಲದೆ ಸ್ಟೇಟನ್ ಐಲೆಂಡ್‌ನ ಮರೀನ್ ಆಸ್ಪತ್ರೆಗೆಂದು ಕ್ಯಾಬಿನ್ ಪ್ರಯಾಣಿಕನಿಗೆ ಒಂದೂವರೆ ಡಾಲರ್, ಹಡಗಿನ ತಳದಲ್ಲಿ ಬರುವ ಬಡ ಪ್ರಯಾಣಿಕನಿಗೆ ಒಂದು ಡಾಲರ್ ವಸೂಲಾಗುತ್ತಿತ್ತು. ಸರ್ವೋಚ್ಚ ನ್ಯಾಯಾಲಯ 1849ರಲ್ಲಿ ಐದಕ್ಕೆ ನಾಲ್ಕು ಮತಗಳಿಂದ ಈ ವಸೂಲಿಯನ್ನು ತಳ್ಳಿಹಾಕಿತು. ಹೊರದೇಶಗಳೊಂದಿಗಿನ ವ್ಯವಹಾರ ಒಕ್ಕೂಟದ ಅಧಿಕಾರ, ರಾಜ್ಯದ್ದಲ್ಲ ಎಂಬುದು ವಾದದ ತಿರುಳು.

ನ್ಯೂಯಾರ್ಕ್ ಸುಮ್ಮನಾಗಲಿಲ್ಲ. ತಲೆಗೆ 300 ಡಾಲರಿನ ಮುಚ್ಚಳಿಕೆ ಕೊಡಿ, ಬೇಡವೆಂದರೆ ಒಂದೂವರೆ ಡಾಲರ್ ಕಟ್ಟಿ ಕೈತೊಳೆದುಕೊಳ್ಳಿ ಎಂದು ಕಾನೂನನ್ನು ತಿರುಗಿಸಿ ಬರೆಯಿತು. 300 ಡಾಲರಿನ ಹೊಣೆ ಯಾವ ಹಡಗಿನ ಮಾಲೀಕನಿಗೆ ಬೇಕು? ಚಿಲ್ಲರೆ ಹಣ ಕಟ್ಟುವುದೇ ಲಾಭ. ಸಣ್ಣ ಮೊತ್ತ ಕಟ್ಟಿ ದೊಡ್ಡ ಹೊಣೆಯಿಂದ ಪಾರಾಗುವ ಈ ಏರ್ಪಾಡಿನ ಹೆಸರೇ ಇಂದು ಪ್ರೀಮಿಯಂ. 1876ರಲ್ಲಿ ಹೆಂಡರ್ಸನ್ ಮೊಕದ್ದಮೆಯಲ್ಲಿ ಇದೂ ಬಿದ್ದುಹೋಯಿತು. ಆಮೇಲೆ 1882ರಲ್ಲಿ ಅಮೆರಿಕದ ಕೇಂದ್ರ ಸರ್ಕಾರವೇ ಸಮುದ್ರಮಾರ್ಗವಾಗಿ ಬರುವ ಪ್ರತಿ ವಿದೇಶಿಯ ತಲೆಗೆ 50 ಸೆಂಟ್ ತೆರಿಗೆ ಹಾಕಿತು. ಜೊತೆಗೆ ಸರ್ಕಾರಕ್ಕೆ ಹೊರೆಯಾಗಬಲ್ಲವರನ್ನು ಇಳಿಸಿಕೊಳ್ಳುವುದಿಲ್ಲ ಎಂದೂ ಬರೆಯಿತು.

ಹಣದ ಚಿಂತೆಯ ಪಕ್ಕದಲ್ಲೇ ರೋಗದ ಭಯವೂ ಇತ್ತು. 1858ರಲ್ಲಿ ಆ ಮರೀನ್ ಆಸ್ಪತ್ರೆಗೆ ಸುತ್ತಲಿನ ನಿವಾಸಿಗಳೇ ಬೆಂಕಿ ಹಚ್ಚಿದರು. ಆದರೆ ಭಯ ಹುಟ್ಟಿಸಿದ ಕಾಗದಗಳು ಬೇರೆ, ಖರ್ಚಿನ ಚಿಂತೆ ಹುಟ್ಟಿಸಿದ ಕಾಗದಗಳು ಬೇರೆ. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ 'ನೀನು ನಮಗೆ ರೋಗ ತರುತ್ತೀಯಾ?' ಎಂದು ಕೇಳುತ್ತದೆ. ವಿಮೆಯ ಹಾಳೆ ಕೇಳುವುದು 'ನೀನು ನಮಗೆ ಖರ್ಚು ತರುತ್ತೀಯಾ?' ಎಂದು. ಸಿಡುಬು ನಿರ್ಮೂಲವಾಯಿತೆಂದು 1980ರಲ್ಲಿ ಘೋಷಣೆಯಾದ ಮೇಲೆ ಅದರ ಲಸಿಕೆಪತ್ರ ಕೇಳುವವರು ಇಲ್ಲವಾದರು. ಖರ್ಚಿಗೆ ಅಂಥ ನಿರ್ಮೂಲನೆ ಇಲ್ಲ.

ನಮ್ಮ ಕಡಲತೀರಕ್ಕೂ ಈ ಕಥೆಯಲ್ಲಿ ಪಾಲಿದೆ. ಮುಂಬೈಯಿಂದ ಹಜ್‌ಗೆ ಹೋದ ಬಡ ಯಾತ್ರಿಕರು ಹಿಂದಿರುಗಲು ಹಣವಿಲ್ಲದೆ ಜೆಡ್ಡಾದಲ್ಲಿ ಸಿಕ್ಕಿಬೀಳುವುದು ಬ್ರಿಟಿಷ್ ಆಡಳಿತಕ್ಕೆ ದೀರ್ಘಕಾಲದ ತಲೆನೋವಾಗಿತ್ತು. 1920ರ ದಶಕದಲ್ಲಿ ಕಾನೂನು ಬದಲಾಗಿ, ಹೊರಡುವ ಮೊದಲೇ ಹಿಂದಿರುಗುವ ಟಿಕೆಟ್ ಕೊಳ್ಳಬೇಕು ಇಲ್ಲವೇ ಠೇವಣಿ ಇಡಬೇಕು ಎಂದಾಯಿತು. ವಾಪಸು ಕಳಿಸುವ ಖರ್ಚನ್ನು ಪ್ರಯಾಣಿಕನೇ ಮುಂಗಡವಾಗಿ ಕಟ್ಟುವ ಪದ್ಧತಿ ಹೀಗೆ ನಮ್ಮ ಬಂದರಿಗೂ ಬಂತು.

ಈಗ ಯೂರೋಪಿಗೆ ಬರೋಣ. 1985ರಲ್ಲಿ ಲಕ್ಸೆಂಬರ್ಗಿನ ಷೆಂಗೆನ್ ಊರಿನ ಬಳಿ, ಮೊಸೆಲ್ ನದಿಯ ಮೇಲಿನ ಹಡಗಿನಲ್ಲಿ ಐದು ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. 1995ರ ಮಾರ್ಚಿನಲ್ಲಿ ಅದು ಜಾರಿಗೆ ಬಂತು. ಒಳಗಡಿಗಳು ತೆರೆದ ಮೇಲೆ ಒಂದು ದೇಶ ಕೊಟ್ಟ ವೀಸಾದಲ್ಲಿ ಬಂದವನು ಇನ್ನೊಂದು ದೇಶದಲ್ಲಿ ಆಸ್ಪತ್ರೆ ಸೇರಬಹುದು. ಹಾಗಾದಾಗ ಬಿಲ್ಲು ಯಾವ ದೇಶದ ಹೊಣೆ? ಎಲ್ಲರಿಗೂ ಒಂದೇ ನಿಯಮ ಬೇಕಾಯಿತು. 2003ರ ಡಿಸೆಂಬರ್ 22ರಂದು ಯೂರೋಪಿನ ಮಂತ್ರಿಮಂಡಳಿ ತೀರ್ಮಾನಿಸಿತು, 2004ರ ಜೂನ್ 1ರಿಂದ ವಿಮೆ ಕಡ್ಡಾಯವಾಯಿತು. ತುರ್ತು ಚಿಕಿತ್ಸೆ, ಆಸ್ಪತ್ರೆ ವಾಸ, ರೋಗಿಯನ್ನು ತಾಯ್ನಾಡಿಗೆ ಕಳಿಸುವ ಖರ್ಚು, ಇಷ್ಟಕ್ಕೂ ಸೇರಿ ಕನಿಷ್ಠ 30,000 ಯೂರೋ. 2009ರ ವೀಸಾ ಸಂಹಿತೆ ಇದನ್ನೇ ಮುಂದುವರಿಸಿ ಸಾವಿನ ಖರ್ಚನ್ನೂ ಹೆಸರಿಸಿತು.

ಎರಡು ಸಂಗತಿಗಳನ್ನು ಇಲ್ಲಿ ಗಮನಿಸಬೇಕು. ಒಂದು, ಇಪ್ಪತ್ತು ವರ್ಷ ದಾಟಿದರೂ ಆ 30,000 ಹಾಗೆಯೇ ಉಳಿದಿದೆ. ಆಸ್ಪತ್ರೆಯ ದರ ಎಲ್ಲಿಯೂ ಹಾಗೆ ಉಳಿದಿಲ್ಲ. ಎರಡು, ವೀಸಾ ಬೇಡದ ದೇಶದವರಿಗೆ, ಉದಾಹರಣೆಗೆ ಅಮೆರಿಕದ ಪ್ರವಾಸಿಗೆ, ಈ ನಿಯಮ ತಾಗುವುದೇ ಇಲ್ಲ. ಅವನ ಕಾಲೂ ಮುರಿಯಬಹುದು, ಅವನ ಎದೆಯೂ ನೋಯಬಹುದು. ಆದರೆ ಖಾತರಿ ಕೇಳುವುದು ವೀಸಾ ಸಾಲಿನಲ್ಲಿ ನಿಂತವನನ್ನು ಮಾತ್ರ.

ಅಂಕಿಯನ್ನು ನಿರ್ಧರಿಸುವುದು ಆಸ್ಪತ್ರೆಯ ದರಪಟ್ಟಿಯಲ್ಲ ಎಂಬುದಕ್ಕೆ ಕೋವಿಡ್ ಕಾಲದ ಥಾಯ್ಲೆಂಡ್ ಸಾಕ್ಷಿ. ಮೊದಲು 1,00,000 ಡಾಲರಿನ ವಿಮೆ ಕೇಳಿದ ಆ ದೇಶ 2021ರ ನವೆಂಬರಿನಲ್ಲಿ 50,000ಕ್ಕೆ, 2022ರ ಏಪ್ರಿಲಿನಲ್ಲಿ 20,000ಕ್ಕೆ, ಮೇ ತಿಂಗಳಲ್ಲಿ 10,000ಕ್ಕೆ ಇಳಿಯಿತು. ಜುಲೈಯಲ್ಲಿ ನಿಯಮವನ್ನೇ ಕೈಬಿಟ್ಟಿತು. ಪ್ರವಾಸಿಗರು ಮರಳಿ ಬೇಕಾದಂತೆಲ್ಲ ಅಂಕಿ ಕರಗಿತು.

ಹಾಗೆಂದು ಕಡ್ಡಾಯ ವಿಮೆ ಎಲ್ಲ ಕಡೆ ಆತಿಥೇಯನ ಗಂಟಿನ ಕಾವಲಿಗೇ ಹುಟ್ಟಿದ್ದಲ್ಲ. ಯೂರೋಪು ತೀರ್ಮಾನಿಸಿದ ಮೂರೇ ದಿನಕ್ಕೆ, 2003ರ ಡಿಸೆಂಬರ್ 25ರಂದು, ಭಾರತ ಸರ್ಕಾರ ಪ್ರವಾಸಿ ಭಾರತೀಯ ಬಿಮಾ ಯೋಜನೆಯನ್ನು ತಂದಿತು. ಗಲ್ಫ್ ಮುಂತಾದೆಡೆ ದುಡಿಯಲು ಹೋಗುವ, ವಲಸೆ ಅನುಮತಿ ಬೇಕಾದ ಕಾರ್ಮಿಕರಿಗೆ ಇದು ಕಡ್ಡಾಯ. 2017ರ ಪರಿಷ್ಕರಣೆಯಂತೆ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ 10 ಲಕ್ಷ. ಕರಾವಳಿಯಿಂದ ದುಬೈಗೋ ಕುವೈತಿಗೋ ಕೂಲಿ ಕೆಲಸಕ್ಕೆ ಹೋದವನ ಹೆಂಡತಿ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ವಿಮೆ ಇದು. ಷೆಂಗೆನ್ ವಿಮೆಯ ನಿಯಮದಲ್ಲಿ ಆ ಹೆಂಡತಿ ಮಕ್ಕಳು ಕಾಣುವುದಿಲ್ಲ. ಕಳಿಸುವ ನಾಡು ಬರೆದದ್ದಕ್ಕೂ ಬರಮಾಡಿಕೊಳ್ಳುವ ನಾಡು ಬರೆದದ್ದಕ್ಕೂ ಇರುವ ವ್ಯತ್ಯಾಸ ಅದು.

ಧಾರವಾಡದಲ್ಲಿರುವ ನನ್ನ ತಂದೆ ತಂಗಿಯನ್ನು ನೋಡಲು ಜರ್ಮನಿಗೆ ಹೊರಟಾಗ ಈ ವ್ಯತ್ಯಾಸವನ್ನು ಒಂದೇ ಮಾತಿನಲ್ಲಿ ಹಿಡಿದರು. ಫೋನಿನಲ್ಲಿ ನಾನು ಪಾಲಿಸಿ ಓದಿ ಹೇಳುತ್ತಿದ್ದೆ. "ಅಲ್ಲಪಾ, ನನ್ನ ಬಿ.ಪಿ. ಶುಗರ್‌ಗೆ ಇದು ನಡೀತದೇನು?" ಎಂದರು. ಆ ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಜೀವ ಹೋಗುವ ಸ್ಥಿತಿ ಬಂದರೆ ಮಾತ್ರ, ಅದೂ ಒಂದು ಮಿತಿಯವರೆಗೆ ಎಂದಿತ್ತು. "ಹಂಗಾರ ಇದು ವೀಸಾ ಕೊಡೋರ ಸಲುವಾಗಿ. ನನ್ನ ಸಲುವಾಗಿ ಬ್ಯಾರೆ ನೋಡು" ಎಂದರು. ಹಾಗೆಯೇ ಮಾಡಿದೆವು. ಪ್ರೀಮಿಯಂ ಎರಡರಷ್ಟಾಯಿತು.

ನಮ್ಮಲ್ಲಿ ಹೆಚ್ಚಿನವರು ಊರಿನಲ್ಲಿರುವ ಅಪ್ಪ ಅಮ್ಮನ ಕಾಗದಗಳನ್ನು ದೂರದ ನಗರದಿಂದ ತುಂಬುವವರು. ಕಡಿಮೆ ದರದ ಪಾಲಿಸಿಗೆ ಬೆರಳು ಒತ್ತುವುದು ಸುಲಭ, ವೀಸಾ ಅಷ್ಟಕ್ಕೇ ಸಿಗುತ್ತದೆ. ಆದರೆ ಮೊದಲೇ ಇರುವ ಕಾಯಿಲೆಗೆ ಎಷ್ಟು ಕೊಡುತ್ತಾರೆ, ವಯಸ್ಸಿಗೆ ತಕ್ಕಂತೆ ಮಿತಿ ಇಳಿಯುತ್ತದೆಯೇ, ಮೊದಲ ಖರ್ಚು ಎಷ್ಟರವರೆಗೆ ನಮ್ಮದು, ಆಸ್ಪತ್ರೆಗೆ ನೇರವಾಗಿ ಕಟ್ಟುತ್ತಾರೋ ನಾವು ಕಟ್ಟಿ ಆಮೇಲೆ ಕೇಳಬೇಕೋ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ಹಣ ಕಟ್ಟುವ ಮೊದಲೇ ಬರಹದಲ್ಲಿ ಪಡೆಯಿರಿ. ವೀಸಾ ಕಚೇರಿ ಈ ನಾಲ್ಕನ್ನೂ ಕೇಳುವುದಿಲ್ಲ. ಅವು ಕೇಳಬೇಕಾದವರು ನಾವು.