ವ್ಯಾಪಾರದ ಪರಿಚಯಗಳು ಮತ್ತು ತಂತ್ರಜ್ಞಾನ ಸಂಸ್ಥೆಗಳ ಬೆಳವಣಿಗೆ: ಸದಸ್ಯರ ಮಾಹಿತಿಗಾಗಿ

ತಂತ್ರಜ್ಞಾನ ಸಂಸ್ಥೆ ಬೆಳೆಯಲು ಬಂಡವಾಳ ಮತ್ತು ಪದವಿ ಎರಡೇ ಸಾಲವು. ನಂಬಿ ಉದ್ದರಿ ಕೊಡುವವರು, ನುರಿತ ಕೆಲಸಗಾರರು, ಮೊದಲ ಗಿರಾಕಿ ಇವರೂ ಬೇಕು. ಇವರು ಬಹುತೇಕ ಪರಿಚಯದಿಂದಲೇ ಸಿಗುತ್ತಾರೆ. ಮೂರು ಉದಾಹರಣೆಗಳನ್ನು ಕೆಳಗೆ ಕೊಟ್ಟಿದ್ದೇವೆ.

ಉದ್ದರಿ: ಇಚಲಕರಂಜಿಯಲ್ಲಿ 1904ರಲ್ಲಿ ವಿಠ್ಠಲರಾವ್ ದಾತಾರ್ ಅವರು ಮೊದಲ ಪವರ್‌ಲೂಮ್ ಹಾಕಿದರು. ಜಹಗೀರುದಾರರಾದ ನಾರಾಯಣರಾವ್ ಘೋರ್ಪಡೆಯವರ ಪ್ರೋತ್ಸಾಹ ಅದಕ್ಕಿತ್ತು. ಮುಂದೆ ನೂಲಿನ ವ್ಯಾಪಾರಿ, ಸೈಜಿಂಗ್‌ನವರು, ಬಿಡಿಭಾಗದ ಅಂಗಡಿಯವರು ಎಲ್ಲರೂ ಒಂದೇ ಊರಿನಲ್ಲಿ ನೆಲೆಯಾದರು. ವ್ಯಾಪಾರಿಯೇ ನೂಲು ಕೊಟ್ಟು, ಪಿಕ್ ಲೆಕ್ಕದಲ್ಲಿ ಮಜೂರಿ ಕೊಡುತ್ತಾನೆ. ಆದ್ದರಿಂದ ನಾಲ್ಕು ಮಗ್ಗ ಇದ್ದವನೂ ನೂಲಿಗೆ ಹಣ ಹೂಡದೆ ದಂಧೆ ನಡೆಸಬಲ್ಲ.

ಕೆಲಸಗಾರರು: ಕೊಲ್ಲಾಪುರ ಮತ್ತು ಬೆಳಗಾವಿಯಲ್ಲಿ ಎರಕದ ಕೆಲಸ, ಮಷಿನಿಂಗ್ ಬಲ್ಲವರು ಮೊದಲಿನಿಂದಲೂ ಇದ್ದಾರೆ. ಗಡಹಿಂಗ್ಲಜದಿಂದ ಸಂಕೇಶ್ವರ ದಾಟಿದರೆ ಸಿಗುವ ಹತ್ತರಗಿಯಲ್ಲಿ ಈಗ ಏಕಸ್ ಸಂಸ್ಥೆಯ ವಿಶೇಷ ಆರ್ಥಿಕ ವಲಯವಿದೆ. ಅಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ. ಫೋರ್ಜಿಂಗ್, ಮಷಿನಿಂಗ್, ಲೇಪನ ಎಲ್ಲ ಒಂದೇ ಆವರಣದಲ್ಲಿ ಇರುವುದರಿಂದ ಮಾಲು ಊರೂರು ತಿರುಗಬೇಕಿಲ್ಲ.

ಗಿರಾಕಿ: ಇನ್ಫೋಸಿಸ್ ಹುಟ್ಟಿದ್ದು 1981ರಲ್ಲಿ, ಪುಣೆಯಲ್ಲಿ. ಸ್ಥಾಪಕರು ಏಳು ಮಂದಿ. ಅವರೆಲ್ಲ ಮೊದಲು ಪಟ್ನಿ ಕಂಪ್ಯೂಟರ್ಸ್‌ನಲ್ಲಿ ಇದ್ದವರು. 1983ರಲ್ಲಿ ಬೆಂಗಳೂರಿನ ಮೈಕೋ ಕಂಪನಿ ಗಿರಾಕಿಯಾಗಿ ಸಿಕ್ಕಿತು. ಸಂಸ್ಥೆಯೂ ಅಲ್ಲಿಗೇ ಹೋಯಿತು. ಗಿರಾಕಿ ಇದ್ದ ಊರಿಗೆ ಸಂಸ್ಥೆ ದಕ್ಕಿತು.

ಪರಿಚಯಕ್ಕೆ ಇನ್ನೊಂದು ಮುಖವೂ ಇದೆ. ಉದ್ದರಿಯ ಸರಪಳಿಯಲ್ಲಿ ಒಬ್ಬನ ಹಣ ನಿಂತರೆ ಹತ್ತು ಮಂದಿಯ ಕೆಲಸ ನಿಲ್ಲುತ್ತದೆ. ಬಳಗದವರೊಳಗೇ ವ್ಯವಹಾರ ಮುಗಿದರೆ, ಪರಿಚಯವಿಲ್ಲದ ಮನೆಯ ಹುಡುಗ ಹುಡುಗಿಯರು ಎಷ್ಟೇ ಬುದ್ಧಿವಂತರಾದರೂ ಬಾಗಿಲ ಹೊರಗೇ ಉಳಿಯುತ್ತಾರೆ.

ನೇಸರಿ, ಗಡಹಿಂಗ್ಲಜ ಕಡೆಯ ಮಕ್ಕಳು ಕಾಲೇಜು ಮುಗಿಸಿ ಪುಣೆ, ಬೆಂಗಳೂರಿನ ಬಸ್ಸು ಹತ್ತುವುದನ್ನು ನಾವೆಲ್ಲ ನೋಡುತ್ತಿದ್ದೇವೆ. ಕನ್ನಡ, ಮರಾಠಿ ಎರಡೂ ಬಲ್ಲ ಈ ಮಕ್ಕಳು ಕೊಲ್ಲಾಪುರದ ಗಿರಾಕಿಯೊಡನೆಯೂ ಬೆಳಗಾವಿಯ ಗಿರಾಕಿಯೊಡನೆಯೂ ನೇರ ಮಾತಾಡಬಲ್ಲರು. ಅವರಿಗೆ ಬೇಕಾಗಿರುವುದು ಮೊದಲ ಭೇಟಿ. ವರ್ಕ್‌ಶಾಪ್, ಮಗ್ಗ, ಅಂಗಡಿ ನಡೆಸುವ ಸದಸ್ಯರು ಲೆಕ್ಕದ ಸಾಫ್ಟ್‌ವೇರ್‌ನಂಥ ಒಂದು ಸಣ್ಣ ಕೆಲಸವನ್ನಾದರೂ ನಮ್ಮೂರಿನ ಮಕ್ಕಳಿಗೆ ಕೊಟ್ಟು ನೋಡಬೇಕು. ಹಣ ಮಾತ್ರ ಹೊತ್ತಿಗೆ ಸರಿಯಾಗಿ ಕೊಡಬೇಕು ಎಂದು ವಿನಂತಿಸುತ್ತೇವೆ.