ಭೂತ ಬಂಗಲೆ ಕಟ್ಟಿದವರು

ಪ್ಯಾರಿಸ್ಸಿನ ವಾಂದೋಮ್ ಚೌಕದ ಬಳಿ ಕಾಪುಚಿನ್ ಸಂನ್ಯಾಸಿನಿಯರ ಮಠವೊಂದಿತ್ತು. ಫ್ರೆಂಚ್ ಕ್ರಾಂತಿ ಅವರನ್ನು ಅಲ್ಲಿಂದ ಎಬ್ಬಿಸಿತು, ಮಠ ಪಾಳುಬಿತ್ತು. 1799ರಲ್ಲಿ ಅದನ್ನು ಹಿಡಿದವನು ಎಟಿಯೆನ್ ಗಾಸ್ಪಾರ್ ರಾಬೆರ್. ಈಗಿನ ಬೆಲ್ಜಿಯಂನ ಲಿಯೇಜ್ ಊರಿನವನು, ಭೌತಶಾಸ್ತ್ರ ಬಲ್ಲವನು. ಜನ ಅವನನ್ನು ರಾಬರ್ಟ್‌ಸನ್ ಎಂದೇ ಕರೆಯುತ್ತಿದ್ದರು. ದೆವ್ವದ ಕಥೆ ಹೇಳುವವರು, ವೇಷ ಕಟ್ಟುವವರು ಎಲ್ಲ ಕಾಲದಲ್ಲೂ ಇದ್ದರು. ಹೆದರಿಸುವುದಕ್ಕೆಂದೇ ಒಂದು ಕಟ್ಟಡವನ್ನು ಹೊಸ್ತಿಲಿನಿಂದ ಸಜ್ಜುಮಾಡುವ ಕಸುಬಿನ ಜಾಡು ಹಿಡಿದು ಹೊರಟರೆ ಮಾತ್ರ ಈ ಮಠವನ್ನು ಹಾಯದೆ ಮುಂದೆ ಹೋಗಲಾಗದು.

ಅಲ್ಲಿ ಅವನು ನಡೆಸುತ್ತಿದ್ದ ದೆವ್ವದ ಪ್ರದರ್ಶನಕ್ಕೆ ಟಿಕೆಟ್ ಕೊಂಡವರು ನೇರವಾಗಿ ಆಸನಕ್ಕೆ ಹೋಗುವಂತಿರಲಿಲ್ಲ. ಮಬ್ಬುಗತ್ತಲಿನ ಓಣಿಗಳನ್ನು ದಾಟಬೇಕು, ವಿದ್ಯುತ್ತಿನ, ಬೆಳಕಿನ ಪ್ರಯೋಗಗಳನ್ನು ನೋಡಬೇಕು, ಆಮೇಲೆ ಕಪ್ಪು ಬಟ್ಟೆ ಇಳಿಬಿಟ್ಟ ಕೋಣೆ. ಇದ್ದೊಂದು ದೀಪವೂ ಆರುತ್ತಿತ್ತು. ಮೇಣ ಸವರಿದ ತೆಳು ಬಟ್ಟೆಯ ಪರದೆಯ ಹಿಂದೆ, ಚಕ್ರದ ಮೇಲೆ ನಿಂತ, ಗಾಜಿನ ಮೇಲಿನ ಚಿತ್ರವನ್ನು ಪರದೆಗೆ ಬೀರುವ ಚಿತ್ರದೀಪ. ಅದನ್ನು ಪರದೆಯಿಂದ ಹಿಂದಕ್ಕೆ ಎಳೆದಷ್ಟೂ ಚಿತ್ರ ಹಿಗ್ಗುತ್ತದೆ. ಕತ್ತಲಲ್ಲಿ ಕೂತವನಿಗೆ ಅದು ಹಿಗ್ಗಿದಂತೆ ಕಾಣುವುದಿಲ್ಲ, ತನ್ನ ಮೈಮೇಲೇ ನುಗ್ಗಿ ಬಂದಂತೆ ಕಾಣುತ್ತದೆ. ಗಾಜಿನ ಚಿತ್ರದಲ್ಲಿ ಆಕೃತಿಯೊಂದನ್ನು ಬಿಟ್ಟು ಸುತ್ತೆಲ್ಲ ಕಪ್ಪು ಬಳಿದಿದ್ದರಿಂದ ಅದಕ್ಕೆ ಚೌಕಟ್ಟಿಲ್ಲ, ನೆಲವಿಲ್ಲ. ಗಿಲೊಟಿನ್ನಿನ ದಿನಗಳನ್ನು ಕಣ್ಣಾರೆ ಕಂಡಿದ್ದ ಆ ಊರಿಗೆ, ಸತ್ತವರು ಹಾಗೆ ಗಾಳಿಯಲ್ಲಿ ತೇಲಿ ಬರುವುದು ಬರೀ ಆಟವಾಗಿರಲಾರದು.

ಆ ಭಯದಲ್ಲಿ ಅರ್ಧ ಪಾಲು ದೀಪದ್ದಾದರೆ ಇನ್ನರ್ಧ ಕಟ್ಟಡದ್ದು. ಮುಂದೆ ಬಂದವರೆಲ್ಲ ರಾಬರ್ಟ್‌ಸನ್ನನಿಂದ ಕಲಿತದ್ದು ಇದನ್ನೇ: ನೋಡುವವನು ಎಲ್ಲಿ ನಿಲ್ಲಬೇಕು, ಯಾವ ದಾರಿಯಲ್ಲಿ ಬರಬೇಕು ಎಂಬುದು ಮೊದಲು, ದೆವ್ವ ಆಮೇಲೆ.

ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ 1862ರ ಡಿಸೆಂಬರ್ 24ರಂದು ಜಾನ್ ಹೆನ್ರಿ ಪೆಪ್ಪರ್ ತೋರಿಸಿದ ಭೂತವೂ ಹೀಗೆಯೇ ಜಾಗದ ಲೆಕ್ಕಾಚಾರದ ಕೂಸು. ಮೂಲ ಯೋಚನೆ ಹೆನ್ರಿ ಡರ್ಕ್ಸ್ ಎಂಬ ಎಂಜಿನಿಯರನದು. ಆದರೆ ಅವನು ಹೇಳಿದಂತೆ ಮಾಡಬೇಕಿದ್ದರೆ ನಾಟಕಶಾಲೆಯನ್ನೇ ಕೆಡವಿ ಕಟ್ಟಬೇಕಿತ್ತು. ಪೆಪ್ಪರ್ ರಂಗದ ಮುಂದೆ, ಪ್ರೇಕ್ಷಕರ ಕಣ್ಣಿಗೆ ಬೀಳದ ತಗ್ಗಿನಲ್ಲಿ ನಟನನ್ನು ನಿಲ್ಲಿಸಿದ. ರಂಗದ ಮೇಲೆ ದೊಡ್ಡ ಗಾಜನ್ನು ಓರೆಯಾಗಿ ಇರಿಸಿದ. ತಗ್ಗಿನಲ್ಲಿ ದೀಪ ಹೊತ್ತಿದರೆ ಗಾಜಿನಲ್ಲಿ ಬಿಂಬ ಮೂಡುತ್ತದೆ, ದೀಪ ಕುಗ್ಗಿದರೆ ಭೂತ ಕರಗುತ್ತದೆ.

ನೂರು ವರ್ಷ ಕಳೆದ ಮೇಲೂ ಅದೇ ಗಾಜು ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಕೆಲಸಕ್ಕೆ ಬಂತು. ಅಲ್ಲಿನ ಭೂತ ಬಂಗಲೆಯ ಹೊರಗೋಡೆ 1963ರಲ್ಲೇ ಎದ್ದು ನಿಂತಿತ್ತು, ಬಾಗಿಲು ತೆರೆದದ್ದು ಮಾತ್ರ 1969ರ ಆಗಸ್ಟ್ 9ರಂದು. ನಡುವೆ 1966ರಲ್ಲಿ ವಾಲ್ಟ್ ಡಿಸ್ನಿ ತೀರಿಕೊಂಡ. ಒಳಗಿನ ಚಮತ್ಕಾರಗಳಿಗಾಗಿ ಡಿಸ್ನಿಯ ವಿನ್ಯಾಸಕಾರರಾದ ಯೇಲ್ ಗ್ರೇಸಿ ಮತ್ತು ರಾಲಿ ಕ್ರಂಪ್ ತಲೆಕೆಡಿಸಿಕೊಂಡಿದ್ದರು. ಅವರ ಕೈಗೆ ಸಿಕ್ಕ ಒಂದು ಸೋಜಿಗವಂತೂ ಬಲು ಸರಳ. ಮುಖದ ಅಚ್ಚನ್ನು ಉಬ್ಬಾಗಿ ಇಡುವ ಬದಲು ಒಳಬದಿಯನ್ನು, ಅಂದರೆ ತಗ್ಗಿನ ಕಡೆಯನ್ನು, ನೋಡುಗನತ್ತ ತಿರುಗಿಸಿ ಹಿಂದಿನಿಂದ ಬೆಳಕು ಕೊಡುವುದು. ಮುಖವೆಂದರೆ ಉಬ್ಬಿರಲೇಬೇಕೆಂದು ನಂಬಿದ ಮಿದುಳು ಅದನ್ನು ಉಬ್ಬಾಗಿಯೇ ಕಾಣುತ್ತದೆ. ನಾವು ನಡೆದರೆ ಆ ಮುಖವೂ ನಮ್ಮ ಹಿಂದೆಯೇ ತಿರುಗುತ್ತದೆ. ಮೋಟಾರಿಲ್ಲ, ತಂತಿಯಿಲ್ಲ.

ಅಲ್ಲಿನ ಎಂಟು ಮೂಲೆಯ ಕೋಣೆಯಲ್ಲಿ ಬಾಗಿಲು ಮುಚ್ಚಿದ ಮೇಲೆ ಗೋಡೆಗಳು ಎತ್ತರಕ್ಕೆ ಬೆಳೆಯುತ್ತವೆ, ಗೋಡೆಯ ಚಿತ್ರಗಳೂ ಉದ್ದವಾಗುತ್ತವೆ. ವಾಸ್ತವದಲ್ಲಿ ಇಳಿಯುತ್ತಿರುವುದು ನೆಲ. ಆ ಕೋಣೆಯೇ ಒಂದು ಲಿಫ್ಟ್. ಆಟದ ದೊಡ್ಡ ಶೆಡ್ಡು ಪಾರ್ಕನ್ನು ಸುತ್ತುವರಿದ ರೈಲು ಹಳಿಯ ಏರಿಯಾಚೆ ಇದ್ದುದರಿಂದ ಜನರನ್ನು ಹಳಿಯ ಕೆಳಗಿನ ಸುರಂಗಕ್ಕೆ ಇಳಿಸಲೇಬೇಕಿತ್ತು. ಆ ಅನಿವಾರ್ಯವೇ ಬಂಗಲೆಯ ಅತಿ ಹೆಸರಾದ ಹೆದರಿಕೆಯಾಯಿತು. ಇಕ್ಕಟ್ಟನ್ನು ಇಷ್ಟು ಚೆನ್ನಾಗಿ ದುಡಿಸಿಕೊಂಡ ರಂಗಸಜ್ಜಿಕೆ ಬೇರೆ ಯಾವುದಿದ್ದೀತು! ಮುಂದೆ ಸಾಲು ಬಂಡಿಗಳಲ್ಲಿ ಕೂತವರನ್ನು ಆ ಬಂಡಿಗಳೇ ಅತ್ತಿತ್ತ ತಿರುಗಿಸಿ, ನೋಡಬೇಕಾದ್ದನ್ನು ಮಾತ್ರ ತೋರಿಸುತ್ತವೆ. ನೃತ್ಯಶಾಲೆಯ ತೂರಿ ಕಾಣುವ ಭೂತಗಳೆಲ್ಲ ಪೆಪ್ಪರನ ಗಾಜಿನವೇ.

ಅಷ್ಟು ಹಣವಿಲ್ಲದವರು ಪ್ಲೈವುಡ್, ಬಟ್ಟೆ, ಫೋಮ್ ನಂಬಿಕೊಂಡರು. ನಮ್ಮ ವಸ್ತುಪ್ರದರ್ಶನಗಳ ಭೂತ ಬಂಗಲೆ ಹೊಕ್ಕು ಬಂದವರಿಗೆ ಆ ತಿರುವುಮುರುವು ಓಣಿ, ಮುಖಕ್ಕೆ ತಾಗುವ ಪರದೆ ಗೊತ್ತೇ ಇದೆ. ದಾರಿ ತಪ್ಪಿಸುವುದೇ ಅಲ್ಲಿ ಕಸುಬು. ಅದೇ ಕಸುಬು 1984ರ ಮೇ 11ರಂದು ನ್ಯೂಜೆರ್ಸಿಯ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್ ಪಾರ್ಕಿನಲ್ಲಿ ಜೀವ ತೆಗೆಯಿತು. ಟ್ರೇಲರ್‌ಗಳನ್ನು ಒಂದಕ್ಕೊಂದು ಜೋಡಿಸಿ ಮಾಡಿದ್ದ 'ಹಾಂಟೆಡ್ ಕ್ಯಾಸಲ್'ನೊಳಗೆ ಗೋಡೆಯ ಫೋಮಿಗೆ ಲೈಟರಿನ ಕಿಡಿ ತಾಗಿ ಬೆಂಕಿ ಹಬ್ಬಿತು. ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇರಲಿಲ್ಲ. ಕತ್ತಲಲ್ಲಿ ದಾರಿ ಕಾಣದೆ, ಹೊಗೆಯಲ್ಲಿ ಎಂಟು ಮಂದಿ ಹದಿಹರೆಯದವರು ಸತ್ತರು. ನಕ್ಕು ನಲಿಯಲು ಹೋದ ಮಕ್ಕಳು ಅವರು. ತಾತ್ಕಾಲಿಕ ಕಟ್ಟಡವೆಂಬ ಹೆಸರಿನಲ್ಲಿ ನಿಯಮಗಳಿಂದ ತಪ್ಪಿಸಿಕೊಂಡ ಒಂದು ರಚನೆಗೆ ಅವರು ತೆತ್ತ ಬೆಲೆಯನ್ನು ಈ ಕಸುಬಿನವರು ಮರೆಯಬಾರದು.

ಇಂಥ ಜಾಗಗಳಿಗೆ ಈಗ ಅಮೆರಿಕದ ಕಟ್ಟಡ ಸಂಹಿತೆಯಲ್ಲಿ ಪ್ರತ್ಯೇಕ ವಿಭಾಗವೇ ಇದೆ. ಸ್ಪ್ರಿಂಕ್ಲರ್ ಬೇಕು, ಹೊಗೆ ಪತ್ತೆಹಚ್ಚುವ ಸಾಧನ ಬೇಕು. ಅಪಾಯದ ಸುಳಿವು ಸಿಕ್ಕ ಕೂಡಲೇ ಅರಚಾಟದ ಧ್ವನಿಮುದ್ರಿಕೆ ನಿಲ್ಲಬೇಕು, ಕಣ್ಣು ಕುಕ್ಕುವ ಬೆಳಕಿನಾಟ ಆರಬೇಕು, ಹೊರದಾರಿಯ ದೀಪಗಳು ತಾವಾಗಿ ಹೊತ್ತಿಕೊಳ್ಳಬೇಕು.